ರೊಟ್ಟಿ ಕರಕರ ಅಂದ ವಾರ

ಉಣ್ಣಲು ಬರುವ ಮಂದಿಯ ಮೇಲೆ ನನಗೆ ಭಾರಿ ಪ್ರೀತಿ ಇದೆ ಎಂದು ಯಾರಾದರೂ ತಿಳಿದಿದ್ದರೆ ಅದನ್ನು ಈಗಲೇ ತಲೆಯಿಂದ ತೆಗೆದುಹಾಕಲಿ. ಜಮಖಂಡಿ ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಖಾನಾವಳಿ ಇದೆ. ದಿನಾ ಮಧ್ಯಾಹ್ನ ಹಸಿದವರ ಮುಖ ನೋಡುವುದು ನನ್ನ ಕೆಲಸ. ಹಸಿದ ಮನುಷ್ಯನಷ್ಟು ಸಿಟ್ಟು ತರಿಸುವವನು ಇನ್ನೊಬ್ಬನಿಲ್ಲ, ಉಂಡು ಹೊಟ್ಟೆ ತುಂಬಿದವನನ್ನು ಬಿಟ್ಟರೆ.

ಒಬ್ಬ ಬಾಗಿಲಲ್ಲಿ ನಿಂತೇ ‘ಏನೇನ್ ಐತ್ರಿ’ ಎನ್ನುತ್ತಾನೆ. ಖಾನಾವಳಿಯಲ್ಲಿ ಏನಿರುತ್ತದೆ? ರೊಟ್ಟಿ, ಕಾಳಿನ ಪಲ್ಯ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರು, ಅನ್ನ, ಸಾರು. ನಿನ್ನೆಯೂ ಅದೇ, ನಾಳೆಯೂ ಅದೇ. ಮುಧೋಳದಿಂದ ಬಂದವನು ಎಣಗಾಯಿ ಬಾಯಿಗಿಟ್ಟು ‘ಲೋಕಾಪುರದಾಗ ಇದಕ್ಕಿಂತ ಛಲೋ ಮಾಡ್ತಾರ’ ಎನ್ನುತ್ತಾನೆ. ಹಾಗಿದ್ದರೆ ಲೋಕಾಪುರಕ್ಕೇ ಹೋಗಬೇಕಿತ್ತು, ಈ ಕಡೆ ಯಾರು ಕರೆದಿದ್ದರು? ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರು ಕೋರ್ಟಿನ ಕೆಲಸಕ್ಕೆ ಬಂದಾಗಲೆಲ್ಲ ನಮ್ಮಲ್ಲೇ ಉಣ್ಣುತ್ತಾರೆ. ಬಿಸಿ ರೊಟ್ಟಿ ತಾಟಿಗೆ ಬಿದ್ದಾಗ ಅವರು ಫೋನಿನಲ್ಲಿ ಮಾತಾಡುತ್ತಿರುತ್ತಾರೆ. ಮಾತು ಮುಗಿದ ಮೇಲೆ ರೊಟ್ಟಿ ಮುಟ್ಟಿ ‘ಅಕ್ಕಾರ, ರೊಟ್ಟಿ ಆರಿ ಹೋಗೈತಿ’ ಎಂದು ನನಗೇ ಹೇಳುತ್ತಾರೆ. ಆರದೆ ಅದೇನು ಅವರ ಮಾತು ಮುಗಿಯುವವರೆಗೆ ಒಲೆಯ ಮೇಲೆ ಕೂತಿರಬೇಕಿತ್ತೇ?

ಇಷ್ಟಾದರೂ ನನ್ನಲ್ಲಿ ಒಂದು ರೀತಿ ಇದೆ. ರೊಟ್ಟಿ ಎಷ್ಟು ಎಂದು ಕೇಳುವುದಿಲ್ಲ. ‘ಸಾಕು’ ಎಂದರೆ ನಿಲ್ಲಿಸುವುದೂ ಇಲ್ಲ. ಸಾಕು ಎಂದವನ ತಾಟಿಗೆ ಇನ್ನೊಂದು ಬೀಳುತ್ತದೆ. ನಿಜವಾಗಿ ಸಾಕಾದವನು ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿಯುತ್ತಾನೆ. ಆಗಲೂ ನಾನು ರೊಟ್ಟಿ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೈ ತೆಗೆದರೆ ಹಾಕುತ್ತೇನೆ, ತೆಗೆಯದಿದ್ದರೆ ಮುಂದಿನವನ ಕಡೆ ಹೋಗುತ್ತೇನೆ. ನಮ್ಮ ಅತ್ತೆಯ ಕಾಲದಿಂದ ಹೀಗೇ ನಡೆದಿದೆ.

ಆ ವಾರ ಎಲ್ಲ ಶುರುವಾದದ್ದು ಬೀಳಗಿ ಬಸ್ಸಿನ ಕಂಡಕ್ಟರನಿಂದ. ಅವನು ನಮ್ಮಲ್ಲಿ ತಿಂಗಳ ಊಟ ಹಚ್ಚಿದವನು. ಒಳ್ಳೆಯ ಉಣ್ಣುವವ, ಮಾತು ಕಡಿಮೆ. ಅಂದು ಮೊದಲ ತುತ್ತಿಗೇ ಅಗಿಯುವುದು ನಿಲ್ಲಿಸಿದ. ಗೋಡೆ ನೋಡುತ್ತ ಕೂತ. ಆಮೇಲೆ ಮೆಲ್ಲಗೆ ಮತ್ತೆ ಅಗಿದ.

‘ಅಕ್ಕಾರ, ರೊಟ್ಟಿ ಕರಕರ ಅಂತೈತ್ರಿ’ ಎಂದ.

‘ಹಿಂಡಿಯಾಗ ಶೇಂಗಾ ಕಾಳು ಉಳದಿರಬೇಕು, ಉಣ್ಣು’ ಎಂದೆ.

‘ಹಿಂಡಿ ಇನ್ನೂ ಮುಟ್ಟಿಲ್ರಿ.’

‘ಹಂಗಾರ ಹಲ್ಲು ತೋರಿಸ್ಕೊ. ದವಾಖಾನಿ ಹತ್ರನ ಐತಿ’ ಎಂದು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಮುಂದೆ ಹೋದೆ. ಪಾಪ, ಅದನ್ನೂ ಉಂಡು ಹೋದ.

ಮರುದಿನ ಕೋರ್ಟಿನ ಗುಮಾಸ್ತರು ಅದೇ ಮಾತು ತೆಗೆದರು. ಅವರು ಒಟ್ಟಾಗಿ ಬಂದು ಕಿಟಕಿಯ ಪಕ್ಕದ ಸಾಲಿನಲ್ಲಿ ಕೂರುವವರು, ದೂರು ಹೇಳುವಾಗಲೂ ಒಟ್ಟಾಗಿಯೇ ಹೇಳುತ್ತಾರೆ. ಒಬ್ಬರು ಉಸುಕು ಎಂದರು, ಒಬ್ಬರು ಬೂದಿ ಎಂದರು, ಇನ್ನೊಬ್ಬರು ‘ರೇಶನ್ ಜ್ವಾಳ ತಂದೀರೇನ್ರಿ’ ಎಂದರು. ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಹುನ್ನೂರಿನ ರೈತರೊಬ್ಬರ ಹೊಲದ ಬಿಳಿಜೋಳವನ್ನೇ ನಾನು ತರಿಸುತ್ತೇನೆ, ಕಾಳು ಕಾಳು ನೋಡಿ ತರಿಸುತ್ತೇನೆ. ‘ಹೌದ್ರಿ, ಉಸುಕ ಹಾಕಿ ಬಡೀತೀವಿ, ಸೋವಿ ಆಕ್ಕೈತಿ’ ಎಂದೆ. ಅವರು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ಅಂದು ಸಂಜೆ ನನ್ನ ಮಗಳು ಫೋನು ಹಿಡಿದು ಅಡುಗೆಮನೆಗೆ ಬಂದಳು. ಲೆಕ್ಕ, ಸಂತೆ, ಫೋನು ಎಲ್ಲ ಅವಳದೇ. ಈಗ ಉಂಡವರೆಲ್ಲ ಉಂಡದ್ದನ್ನು ಫೋನಿನಲ್ಲಿ ಬರೆಯುತ್ತಾರಂತೆ, ಚುಕ್ಕೆ ಕೊಡುತ್ತಾರಂತೆ. ಬನಹಟ್ಟಿಯ ಸೀರೆ ವ್ಯಾಪಾರಿ ಒಂದೇ ಚುಕ್ಕೆ ಕೊಟ್ಟಿದ್ದರು. ಮಗಳು ಓದಿದಳು: ‘ರೊಟ್ಟಿಯಲ್ಲಿ ಮರಳು. ಹಲ್ಲು ಬೇಕಾದವರು ಇಲ್ಲಿಗೆ ಹೋಗಬೇಡಿ. ಮಾಲಕಿಗೆ ಸೊಕ್ಕು.’

‘ಇದಕ್ಕ ಉತ್ತರ ಬರಿ’ ಎಂದೆ.

‘ಏನಂತ ಬರೀಲಿ?’

‘ಫೋನ್ ಇಟ್ಟು ಉಣ್ಣಾಕ ಕಲೀರಿ ಅಂತ ಬರಿ.’

‘ಅವ್ವಾ, ಹಂಗ ಬರಿಯಾಕ ಬರೂದಿಲ್ಲ. ಎಲ್ಲಾರೂ ಓದ್ತಾರ.’

‘ಎಲ್ಲಾರೂ ಓದ್ಲಿ ಅಂತನ ಹೇಳಾಕತ್ತೇನಿ.’

ಅವಳು ಬರೆಯಲಿಲ್ಲ. ‘ಖರೇನ ಏನರ ಇದ್ರ?’ ಎಂದು ಕೇಳಿದಳು. ಇರಲಿಕ್ಕೆ ಸಾಧ್ಯವೇ ಇಲ್ಲ ಎಂದೆ. ನಾನೂ ದಿನಾ ಅದೇ ರೊಟ್ಟಿ ಉಣ್ಣುತ್ತಿದ್ದೆ, ನನಗೆ ಏನೂ ತಿಳಿದಿರಲಿಲ್ಲ. ಆದರೆ ನಾನು ಉಣ್ಣುವುದು ಎಲ್ಲರೂ ಉಂಡ ಮೇಲೆ, ಆರಿದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ನೆನೆಸಿ. ದವಡೆ ಹಲ್ಲು ಹೋದ ಮೇಲೆ ಅದೇ ರೂಢಿಯಾಗಿದೆ. ನಾನು ನುಂಗುತ್ತಿದ್ದೆ, ಅವರು ಅಗಿಯುತ್ತಿದ್ದರು.

ಆದರೂ ಹುಡುಕಲು ಶುರು ಮಾಡಿದೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತೇವೆ, ಅದಕ್ಕೆ ಎಸರು ಎನ್ನುತ್ತೇವೆ. ಎಸರಿನ ಪಾತ್ರೆಯ ತಳದಲ್ಲಿ ಗಾರೆ ಕಟ್ಟಿ ಚಕ್ಕೆ ಏಳುತ್ತಿದೆಯೇ ನೋಡಿದೆ. ಇರಲಿಲ್ಲ. ಉಪ್ಪು ಬದಲಿಸಿದೆ. ಮೇಲಿನ ನೀರಿನ ಟಾಕಿ ತೊಳೆಸಿದೆ. ತವಾ ಒರೆಸುವ ಅರಿವೆ ಬದಲಿಸಿದೆ. ಹಿಟ್ಟು ಸಾಣಿಸುವ ಸಾಣಿಗೆಯನ್ನು ಬೆಳಕಿಗೆ ಹಿಡಿದೆ, ಎಲ್ಲೂ ಹರಿದಿರಲಿಲ್ಲ. ಇಷ್ಟು ಮಾಡಿದರೂ ಮರುದಿನ ಕರಕರ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಒಬ್ಬರು ರೊಟ್ಟಿಯನ್ನು ಮಡಚಿ ತಾಟಿನ ಕೆಳಗಿಟ್ಟು ಬರೀ ಅನ್ನ ಉಂಡು ಎದ್ದುಹೋದರು. ರೊಟ್ಟಿ ಬಿಟ್ಟು ಎದ್ದ ತಾಟನ್ನು ನಾನು ನಮ್ಮಲ್ಲಿ ಅಲ್ಲಿಯವರೆಗೆ ನೋಡಿರಲಿಲ್ಲ. ನನಗೆ ಅಳು ಬರಲಿಲ್ಲ, ತಾಟು ಎತ್ತಿ ಅವರ ಬೆನ್ನಿಗೆ ಎಸೆಯಬೇಕು ಅನ್ನಿಸಿತು.

ಉಳಿದದ್ದು ಜೋಳ ಹಸನು ಮಾಡುವ ಕೆಲಸ. ನಮ್ಮಲ್ಲಿ ರೊಟ್ಟಿ ಬಡಿಯುವವರಲ್ಲಿ ಹಿರಿಯಳಾದವಳು ಜೋಳವನ್ನು ಮೊರದಲ್ಲಿ ಕೇರಿ, ಹರಳು ಆರಿಸಿ, ಗಿರಣಿಗೆ ಕಳಿಸುತ್ತಾಳೆ. ನಾನು ಈ ಮನೆಗೆ ಬರುವ ಮೊದಲೇ ಇಲ್ಲಿ ರೊಟ್ಟಿ ಬಡಿಯುತ್ತಿದ್ದವಳು. ಕೈ ದೊಡ್ಡದು, ಬಾಯಿ ಕೈಗಿಂತ ದೊಡ್ಡದು. ಅವಳ ಎದುರು ಕೂತು ಕೇಳಿದೆ.

‘ಹರಳು ಸರಿಯಾಗಿ ಆರಸಾಕತ್ತೀಯೋ ಇಲ್ಲೋ?’

ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ‘ಯಾರ್ ಕೇಳಾಕತ್ತಾರಿದು? ಆ ಗುಮಾಸ್ತರೇನು?’

‘ನಾ ಕೇಳಾಕತ್ತೇನಿ.’

ಆಗ ಕೈ ನಿಂತಿತು. ತವಾದ ಮೇಲೆ ರೊಟ್ಟಿ ಹೊತ್ತುತ್ತಿತ್ತು, ಅವಳು ತಿರುವಲಿಲ್ಲ. ‘ಈ ಮರದಾಗ ಹರಳು ಉಳದಿದ್ರ ನನ್ನ ಕಣ್ಣಾಗ ಉಳೀಲಿ’ ಎಂದಳು. ‘ನಿಮ್ಮತ್ತಿ ಇದ್ದಾಗ ಒಂದಿನ ಹಿಂಗ ಕೇಳಿಲ್ಲ. ನೀನ ಹಸನ ಮಾಡ್ಕೊ, ನೀನ ಬಡ್ಕೊ.’ ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲ ಬಾಗಿಲಿಂದ ಹೋಗಿಯೇಬಿಟ್ಟಳು. ಹೋಗಲಿ, ಯಾರನ್ನು ಹೆದರಿಸುತ್ತಾಳೆ ಎಂದುಕೊಂಡೆ. ಉಳಿದ ಹೆಂಗಸರು ತಲೆ ತಗ್ಗಿಸಿ ಬಡಿಯುತ್ತಿದ್ದರು. ಅವಳ ಜಾಗದಲ್ಲಿ ನಾನೇ ಕೂತೆ. ಒಲೆಯ ಮುಂದೆ ಕೂರುವ ಅಭ್ಯಾಸ ತಪ್ಪಿತ್ತು, ಎದ್ದಾಗ ಸೊಂಟ ನೆಟ್ಟಗಾಗಲಿಲ್ಲ.

ಮರುದಿನ ಕಿಟಕಿಯ ಸಾಲು ಖಾಲಿ. ಮುಧೋಳ ರಸ್ತೆಯಲ್ಲಿ ಹೊಸದಾಗಿ ಫ್ಯಾಮಿಲಿ ರೆಸ್ಟೋರೆಂಟ್ ಆಗಿದೆ, ತಣ್ಣನೆಯ ಗಾಳಿ, ಗಾಜಿನ ಬಾಗಿಲು. ಗುಮಾಸ್ತರೆಲ್ಲ ಅಲ್ಲಿಗೆ ಹೋಗಿದ್ದಾರೆ ಎಂದು ಮಗಳು ಹೇಳಿದಳು. ಖಾನಾವಳಿ ನಿಂತಿರುವುದೇ ತಿಂಗಳ ಊಟದವರ ಮೇಲೆ. ಹಾದಿ ಹೋಕರು ಇಂದು ಬರುತ್ತಾರೆ, ನಾಳೆ ಇಲ್ಲ. ತಿಂಗಳ ಊಟದವರು ಹೋದರೆ ಹಿಂದೆಯೇ ರೊಟ್ಟಿ ಬಡಿಯುವ ಹೆಂಗಸರೂ ಹೋಗಬೇಕು, ಆಮೇಲೆ ಬಾಗಿಲಿಗೆ ಕೀಲಿ. ಈ ಊರಿನಲ್ಲಿ ಹಾಗೆ ಮುಚ್ಚಿದ ಖಾನಾವಳಿಗಳನ್ನು ಕಂಡಿದ್ದೇನೆ. ಅಂದು ಮೊದಲ ಬಾರಿಗೆ ನನಗೆ ಹೆದರಿಕೆಯಾಯಿತು.

ಕಂಡಕ್ಟರ್ ಮಾತ್ರ ಬಂದ. ಮೂಲೆಯಲ್ಲಿ ಕೂತು ಉಣ್ಣುತ್ತಿದ್ದವನು ಒಮ್ಮೆಲೇ ಬಾಯಿಗೆ ಕೈ ಹಾಕಿದ. ಎದ್ದು ಹೋಗಿ ಬಾಯಿ ತೊಳೆದು, ನಾನು ಕೂತಿದ್ದ ಮೇಜಿಗೆ ಬಂದು ಅಂಗೈ ತೆರೆದ. ಅರ್ಧ ಹಲ್ಲು.

‘ಸಿಮೆಂಟ್ ತುಂಬಿಸ್ಕೊಂಡಿದ್ದ ಹಲ್ಲು. ಹೋತ್ರಿ’ ಎಂದ. ಅದನ್ನು ನನ್ನ ಮೇಜಿನ ಮೇಲೆ, ಸೋಂಪಿನ ಬಟ್ಟಲಿನ ಪಕ್ಕದಲ್ಲಿ ಇಟ್ಟ. ‘ನೀವ ಇಟ್ಕೋರಿ. ಹಲ್ಲು ತೋರಿಸ್ಕೊ ಅಂದಿದ್ರಲ್ಲ.’

ಅವನು ಹೋದ ಮೇಲೂ ಆ ಹಲ್ಲನ್ನು ಎತ್ತಲು ಮನಸ್ಸಾಗದೆ ಅದರ ಮೇಲೆ ಲೋಟ ಬೋರಲು ಹಾಕಿದೆ.

ಊಟ ಸೇರಲಿಲ್ಲ. ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯನ್ನು ಬೆರಳಿಂದ ಕಲೆಸುತ್ತ ಕೂತಿದ್ದೆ. ಬೇರೆ ದಿನವಾದರೆ ಗಬಗಬ ನುಂಗಿ ಎದ್ದುಬಿಡುತ್ತಿದ್ದೆ. ಅಂದು ಬಹಳ ಹೊತ್ತು ಕಲೆಸಿದ್ದಕ್ಕೆ ಬಟ್ಟಲಿನ ತಳದಲ್ಲಿ ಬೆರಳಿಗೆ ಏನೋ ತಾಗಿತು. ಮೇಲಿನದನ್ನೆಲ್ಲ ಮೆಲ್ಲಗೆ ಚೆಲ್ಲಿ ನೋಡಿದೆ. ತಳದಲ್ಲಿ ಬೂದು ಬಣ್ಣದ ತೆಳ್ಳನೆಯ ಗೆರೆ.

ತಕ್ಷಣ ಎದ್ದು ಹಿಟ್ಟಿನ ಚೀಲದ ಹತ್ತಿರ ಹೋದೆ. ಮೇಲಿಂದ ಒಂದು ಹಿಡಿ ಹಿಟ್ಟು ತೆಗೆದು ಅಗಲವಾದ ಪರಾತಕ್ಕೆ ಹಾಕಿ, ನೀರು ಹೊಯ್ದು, ಕದಡಿ, ಓರೆ ಮಾಡಿ ಬಿಳಿ ನೀರನ್ನು ಚೆಲ್ಲಿದೆ. ಮತ್ತೆ ನೀರು, ಮತ್ತೆ ಕದಡು, ಮತ್ತೆ ಚೆಲ್ಲು. ಅಕ್ಕಿಯಲ್ಲಿನ ಹರಳು ಗಾಳಿಸುವುದು ಹೀಗೇ. ಕೊನೆಗೆ ಪರಾತದ ಅಂಚಿನಲ್ಲಿ ಚಿಟಿಕೆಯಷ್ಟು ಪುಡಿ ಉಳಿಯಿತು. ಚೀಲದೊಳಗೆ ಭುಜದವರೆಗೆ ಕೈ ಹಾಕಿ ತಳದಿಂದ ಇನ್ನೊಂದು ಹಿಡಿ ತೆಗೆದು ಹಾಗೇ ತೊಳೆದೆ. ಅದರಲ್ಲಿ ಉಳಿದ ಪುಡಿ ಬಹಳ ಹೆಚ್ಚು.

ಹೊಲದ ಹರಳನ್ನು ನಾನು ಬಲ್ಲೆ. ನಮ್ಮ ಕಡೆಯ ಕರಿ ಮಣ್ಣಿನ ಹರಳು ದುಂಡಗಿರುತ್ತದೆ, ಉಗುರಿನಿಂದ ಒತ್ತಿದರೆ ಕೆಲವು ಪುಡಿಯಾಗುತ್ತವೆ. ಇದು ಹಾಗಿರಲಿಲ್ಲ. ಬೂದು ಬಣ್ಣ, ಚೂಪು, ಒಂದೇ ಥರ. ಹಳೆಯ ಸ್ಟೀಲ್ ತಾಟಿನ ಮೇಲೆ ಹಾಕಿ ಹೆಬ್ಬೆರಳಿಂದ ತಿಕ್ಕಿದರೆ ತಾಟಿಗೇ ಗೀರು ಬಿತ್ತು. ತಾಟಿಗೆ ಗೀರು ಹಾಕುವ ಪುಡಿ ಹೊಲದಲ್ಲಿ ಬೆಳೆಯುವುದಿಲ್ಲ. ಅದು ಬೀಸುವ ಕಲ್ಲಿನ ಪುಡಿ.

ಆಮೇಲೆ ಎಲ್ಲ ತಾನಾಗಿಯೇ ಸಾಲಾಗಿ ಬಂತು. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ, ಅದಕ್ಕೆ ನಾವು ಆಗಾಗ ಸ್ವಲ್ಪಸ್ವಲ್ಪವೇ ಬೀಸಿಸುತ್ತೇವೆ. ಹಿಂದಿನ ವಾರ ಗಿರಣಿ ರಿಪೇರಿ ಎಂದು ಮುಚ್ಚಿತ್ತು. ಮತ್ತೆ ತೆರೆದ ದಿನ ಬೆಳಿಗ್ಗೆಯೇ, ಇನ್ನೊಮ್ಮೆ ಮುಚ್ಚಿದರೆ ಕಷ್ಟ ಎಂದು ಇಡೀ ಚೀಲ ಜೋಳ ಕಳಿಸಿದ್ದೆ. ಎಲ್ಲರಿಗಿಂತ ಮೊದಲು ನಮ್ಮದೇ ಚೀಲ ಹೋಗಿತ್ತು. ಮೊದಲು ಬಿದ್ದ ಹಿಟ್ಟು ಚೀಲದ ತಳದಲ್ಲಿ ಉಳಿಯಿತು, ಕೊನೆಗೆ ಬಿದ್ದದ್ದು ಮೇಲೆ. ನಾವು ಮೇಲಿನಿಂದ ತೆಗೆಯುತ್ತ ಕೆಳಗೆ ಇಳಿದ ಹಾಗೆಲ್ಲ ಕರಕರ ಹೆಚ್ಚುತ್ತ ಹೋಗಿತ್ತು. ಕಂಡಕ್ಟರನ ಹಲ್ಲು ಹೋದದ್ದು ತಳದ ಹಿಟ್ಟು ಶುರುವಾದ ಮೇಲೆ.

ಗಿರಣಿ ನಮ್ಮ ಓಣಿಯ ಕೊನೆಯಲ್ಲಿಯೇ ಇದೆ. ಗಿರಣಿಯವರು ನಮ್ಮ ಮನೆಯವರ ಜೊತೆ ಸಾಲಿ ಕಲಿತವರು. ಅವರನ್ನು ನಾನು ಅಣ್ಣಾರ ಎಂದೇ ಕರೆಯುವುದು. ಹೋದಾಗ ಮೈಯೆಲ್ಲ ಹಿಟ್ಟು ಮಾಡಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಗೋಡೆಯ ಪಕ್ಕ ಉಳಿ, ಸುತ್ತಿಗೆ ಇನ್ನೂ ಬಿದ್ದಿದ್ದವು. ಮೂಲೆಯಲ್ಲಿ ಗುಡಿಸಿಟ್ಟ ಬೂದು ಪುಡಿಯ ಸಣ್ಣ ಗುಪ್ಪೆ. ಕೇಳುವ ಅಗತ್ಯವೇ ಇರಲಿಲ್ಲ, ಆದರೂ ಕೇಳಿದೆ.

‘ಅಣ್ಣಾರ, ಕಲ್ಲು ಕಟಿಸೀರೇನು?’

‘ಹೌದ ತಂಗಿ, ಸವದು ನುಣ್ಣಗಾಗಿತ್ತು. ಈಗ ನೋಡು, ಹೆಂಗ ಬೀಸತೈತಿ.’

ಸವೆದ ಕಲ್ಲಿಗೆ ಉಳಿಯಿಂದ ಕಚ್ಚು ಹೊಡೆದರೆ ಕಚ್ಚಿನ ತುದಿಗಳು ಚೂಪಾಗಿರುತ್ತವೆ. ಮೊದಲು ಬೀಸಿದ್ದರಲ್ಲಿ ಆ ತುದಿಗಳು ಮುರಿದು ಬೆರೆಯುತ್ತವೆ. ಅದಕ್ಕೇ ಯಾವ ಗಿರಣಿಯವನೇ ಆಗಲಿ, ಕಲ್ಲು ಕಟೆಸಿದ ದಿನ ತೌಡನ್ನೋ ಹುಳ ಹಿಡಿದ ಜೋಳವನ್ನೋ ಬೀಸಿ ಚೆಲ್ಲಿ, ಆಮೇಲೆ ಮಂದಿಯ ಕಾಳು ಹಾಕುತ್ತಾನೆ. ಇದು ಓಣಿಯ ಎಲ್ಲ ಹೆಂಗಸರಿಗೂ ಗೊತ್ತಿದೆ.

‘ಮೊದಲ ಏನ್ ಬೀಸಿದ್ರಿ?’ ಎಂದೆ.

ಅವರು ಮೋಟರು ಬಂದ್ ಮಾಡಿದರು. ಗಿರಣಿ ಸುಮ್ಮನಾದ ಮೇಲೆ ಅವರ ಮಾತು ಸ್ಪಷ್ಟವಾಗಿ ಕೇಳಿತು. ಬಾಯಿ ತಪ್ಪಿ ಆಡಿದ ಮಾತೂ ಅಲ್ಲ. ‘ತೌಡು ಇರಲಿಲ್ಲ. ಹೊರಗ ಮನಿಮನಿ ಡಬ್ಬಿ ಸಾಲು ಹಚ್ಚಿದ್ವು. ಅವ್ರ ಹಿಟ್ಟಿನಾಗ ಹಾಕಾಕ ಬರ್ತೈತೇನು, ಸಣ್ಣ ಹುಡುಗ್ರು ಉಣ್ತಾವು. ನಿಮ್ದು ದೊಡ್ಡ ಚೀಲ, ಬೆರತು ಹೊಕ್ಕೈತಿ ಅಂತ ಹಾಕಿದೆ. ಹ್ವಾಟೆಲ್ಲಿಗಿ ಹೋಗು ಹಿಟ್ಟಲ್ಲೇನು, ಯಾರ್ಯಾರೋ ಉಂಡು ಹೊಕ್ಕಾರ.’

ಕಳ್ಳತನ ಮಾಡಿದವನ ಮುಖವಾಗಿದ್ದರೆ ಬೈದು ಬರುತ್ತಿದ್ದೆ. ಅವರ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಸರಿಯಾದ ಕೆಲಸ ಮಾಡಿದೆ ಎಂದೇ ಅವರಿಗೆ ಇತ್ತು. ಮನೆಯಲ್ಲಿ ಉಣ್ಣುವವರು ಮನುಷ್ಯರು, ನನ್ನಲ್ಲಿ ಉಣ್ಣುವವರು ಯಾರ್ಯಾರೋ. ನಾನು ಉಣ್ಣುವ ಮಂದಿಯನ್ನು ದಿನಾ ಬೈಯುತ್ತೇನೆ, ನಿಜ. ಬೈಯುವ ಹಕ್ಕು ನನ್ನದು, ಅವರಿಗೆ ಬಡಿಸುವವಳು ನಾನು. ಈತ ಯಾರು?

‘ಜ್ವಾಳದ್ದ ಬ್ಯಾರೆ ಹಿಟ್ಟು ಕೊಡ್ತೇನಿ ತಂಗಿ, ಅದನ್ನ ದನಕ್ಕ ಹಾಕಿಬಿಡು. ಮುಗೀತ’ ಎಂದರು.

‘ಕೊಡ್ರಿ’ ಎಂದೆ. ‘ಮತ್ತ ನಾಳಿ ಮಧ್ಯಾಹ್ನ ನಮ್ಮಲ್ಲೆ ಊಟಕ್ಕ ಬರ್ರಿ. ಭಾಳ ದಿನ ಆತು ನೀವು ಉಂಡು.’

‘ಬರ್ತೇನಿ, ತಪ್ಪಸಾಂಗಿಲ್ಲ’ ಎಂದು ಅವರು ಖುಷಿಯಿಂದ ಮೋಟರು ಚಾಲೂ ಮಾಡಿದರು.

ಮನೆಗೆ ಬಂದು ಹೇಳಿದಾಗ ಮಗಳಿಗೆ ನಿರಾಳವಾಯಿತು. ಹೊಸ ಹಿಟ್ಟು ಬಂದರೆ ಎಲ್ಲ ಸರಿಹೋಗುತ್ತದೆ, ಸುಮ್ಮನಿದ್ದರೆ ಮಂದಿ ಮರೆಯುತ್ತಾರೆ ಎಂದಳು. ನಾನು ಬಾಗಿಲ ಬಳಿಯ ಕರಿ ಹಲಗೆ ಮತ್ತು ಸೀಮೆಸುಣ್ಣ ತಾ ಎಂದೆ. ‘ಇವತ್ತ ಮಂದಿಗಿ ರೊಟ್ಟಿ ಇಲ್ಲ. ಇಷ್ಟು ದಿನ ಹಿಟ್ಟಿನಾಗ ಗಿರಣಿ ಕಲ್ಲಿನ ಪುಡಿ ಇತ್ತು. ಹೇಳಿದವರು ಖರೇನ ಹೇಳಿದ್ರು’ ಎಂದು ಬರೆಯಲು ಹೇಳಿದೆ.

‘ಅವ್ವಾ, ಇದನ್ನ ಫೋಟೋ ತಗದು ಹಾಕ್ತಾರ. ನಾವ ಒಪ್ಪಿಕೊಂಡಂಗ ಆಕ್ಕೈತಿ.’

‘ಒಪ್ಪಿಕೊಂಡಂಗ ಅಲ್ಲ, ಒಪ್ಪಿಕೊಳ್ಳಾಕತ್ತೇನಿ. ಬರಿ.’

‘ಇದ್ದ ನಾಕ್ ಮಂದೀನೂ ಹೋದ್ರ?’

‘ಸುಳ್ಳ ಹೇಳಿ ಇಟ್ಕೊಂಡ್ರ ಅವ್ರೂ ಯಾರ್ಯಾರೋ ಆಕ್ಕಾರ. ಬರಿ ಅಂದೆ.’

ಅವಳು ಬರೆದಳು. ಅಕ್ಷರ ದುಂಡಗೆ ಬಂದವು.

ಹಿಟ್ಟು ಬಂತು. ಅದೂ ಅದೇ ಗಿರಣಿಯದು, ತೊಳೆದು ನೋಡದೆ ಮಂದಿಗೆ ಬಡಿಸುವುದಿಲ್ಲ ಎಂದು ಬದಿಗಿಟ್ಟೆ. ಚೀಲದ ತಳದ ಹಿಟ್ಟಿನಲ್ಲಿ ಎರಡು ಮುಷ್ಟಿ ಡಬ್ಬಿಯಲ್ಲಿ ಬೇರೆ ತೆಗೆದಿಟ್ಟು, ಉಳಿದದ್ದನ್ನು ತಿಪ್ಪೆಗೆ ಸುರಿಸಿದೆ. ದನಕ್ಕೂ ಹಲ್ಲಿವೆ. ಆಮೇಲೆ ರೊಟ್ಟಿ ಬಡಿಯುವವಳ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಬಾ ಎನ್ನಲಿಲ್ಲ. ನಾನೇ ಕೂತೆ.

‘ಹರಳು ನಿನ್ನ ಮರದಾಗ ಇರಲಿಲ್ಲ’ ಎಂದೆ.

‘ನಂಗ ಗೊತ್ತಿತ್ತು.’

‘ಗಿರಣಿಯಾಗ ಕಲ್ಲು ಕಟಿಸಿ ಮೊದಲ ನಮ್ದ ಬೀಸ್ಯಾರ.’

ಮೆಣಸಿನಕಾಯಿ ಮುರಿಯುವುದು ನಿಂತಿತು. ಗಿರಣಿಯವರು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೇ ಹೇಳಿದೆ.

‘ನಾಳಿ ಬಾ’ ಎಂದೆ.

‘ಬರೂದಿಲ್ಲ.’

‘ಆತ ಊಟಕ್ಕ ಬರಾಂವ ಅದಾನ. ತಳದ ಹಿಟ್ಟು ಒಂದೀಟು ಇಟ್ಟೀನಿ.’

ಅವಳು ಮುಖ ಎತ್ತಿ ನೋಡಿದಳು. ‘ಅವಗ ರೊಟ್ಟಿ ನಾನ ಬಡೀಬೇಕು, ಮತ್ತ್ಯಾರೂ ಮುಟ್ಟಬಾರ್ದು. ಹಂಗಿದ್ರ ಬರ್ತೇನಿ’ ಎಂದಳು. ನನ್ನ ಮೇಲಿನ ಸಿಟ್ಟು ಹೋಗಿರಲಿಲ್ಲ, ಇವತ್ತಿಗೂ ಪೂರ್ತಿ ಹೋಗಿಲ್ಲ.

ಮರುದಿನ ಹಲಗೆಯನ್ನು ಬಾಗಿಲ ಹೊರಗಲ್ಲ, ಒಳಗೆ, ಉಣ್ಣುವವರಿಗೆ ಎದುರಾಗುವ ಗೋಡೆಗೆ ಹಾಕಿಸಿದೆ. ಓದಿದ ಮೇಲೆ ಎದ್ದುಹೋಗುವವರು ನನ್ನ ಮುಖ ನೋಡಿಯೇ ಹೋಗಲಿ ಎಂದು. ಇಬ್ಬರು ಹೋದರು. ಒಬ್ಬನು ಫೋಟೋ ತೆಗೆದುಕೊಂಡು ಹೋದ. ಉಳಿದವರು ‘ರೊಟ್ಟಿ ಇಲ್ಲದ ಎಂಥಾ ಊಟ’ ಎಂದು ಗೊಣಗುತ್ತ ಅನ್ನ, ಪಲ್ಯ ಉಂಡರು. ಗುಮಾಸ್ತರಲ್ಲಿ ಇಬ್ಬರು ಬಾಗಿಲಿಗೆ ಬಂದು ಇಣುಕಿದರು. ಮುಧೋಳ ರಸ್ತೆಯ ಊಟ ಸಾಕಾಗಿತ್ತೋ, ಮಜಾ ನೋಡಲು ಬಂದಿದ್ದರೋ, ಹಲಗೆ ಓದಿ ಒಳಗೆ ಬಂದು ಕೂತರು. ‘ಉಸುಕಲ್ಲ, ಕಲ್ಲು. ನಾವು ಉಸುಕ ಅಂತ ಸೋವಿದು ಹೇಳಿದ್ವಿ’ ಎಂದರು ಒಬ್ಬರು. ಈ ಸಲ ನಗದವಳು ನಾನು. ಕಂಡಕ್ಟರ್ ತನ್ನ ಮೂಲೆಯಲ್ಲಿ ಕೂತಿದ್ದ, ಒಂದೇ ಕಡೆಯ ದವಡೆಯಿಂದ ಅಗಿಯುತ್ತಿದ್ದ.

ಗಿರಣಿಯವರು ಬಂದಾಗ ಸ್ನಾನ ಮಾಡಿ ಬಿಳಿ ಅಂಗಿ ಹಾಕಿದ್ದರು. ಕಂಡಕ್ಟರನ ಎದುರಿಗೆ ಅವರನ್ನು ಕೂಡಿಸಿದೆ. ತಾಟು ಹಾಕಿ, ಎಣಗಾಯಿ ಹಾಕಿ, ಹಿಂಡಿ ಹಾಕಿ, ಮೊಸರು ಬಡಿಸಿದೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಆಗ ಅವರು ತಲೆ ಎತ್ತಿ ಹಲಗೆ ಓದಿದರು. ಎರಡನೇ ಸಲ ಓದಿದರು. ಅಷ್ಟರಲ್ಲಿ ನಾನು ಬಿಸಿ ರೊಟ್ಟಿಯನ್ನು ತಾಟಿಗೆ ಹಾಕಿಯಾಗಿತ್ತು. ನಮ್ಮ ಕಡೆ ಬಡಿಸಿದ ತಾಟು ಬಿಟ್ಟು ಯಾರೂ ಏಳುವುದಿಲ್ಲ, ಅವರೂ ಏಳಲಿಲ್ಲ. ಎಲ್ಲರ ಕೈ ನಿಂತಿತ್ತು.

‘ತಂಗಿ, ಇದು…’

‘ನಿಮ್ಮ ಗಿರಣಿ ಹಿಟ್ಟ ರೀ ಅಣ್ಣಾರ. ಉಣ್ರಿ, ಆರತೈತಿ.’

ಮೇಜಿನ ಮೇಲಿನ ಲೋಟ ಎತ್ತಿ ಹಲ್ಲನ್ನು ತಂದು ಅವರ ತಾಟಿನ ಪಕ್ಕದಲ್ಲಿ ಇಟ್ಟೆ. ‘ಇಂವ ಬೀಳಗಿ ಬಸ್ಸಿನ ಕಂಡಕ್ಟರ್. ಈ ಹಲ್ಲು ಇವಂದು. ಇವರು ಕೋರ್ಟಿನ ಮಂದಿ. ಯಾರ್ಯಾರೋ ಅಂದಿದ್ರಲ್ಲ, ಗುರುತ ಆಗ್ಲಿ ಅಂತ ಹೇಳಿದೆ.’

ಅವರು ಒಂದು ತುತ್ತು ಮುರಿದು ಬಾಯಿಗೆ ಇಟ್ಟುಕೊಂಡರು. ಕರಕರ ಎಂದದ್ದು ಮೂರನೇ ಸಾಲಿನವರೆಗೂ ಕೇಳಿತು. ಅಗಿಯುವುದು ನಿಲ್ಲಿಸಿ ನನ್ನನ್ನು ನೋಡಿದರು. ನಾನು ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದೆ. ಮತ್ತೆ ಅಗಿದರು. ಒಂದು ರೊಟ್ಟಿ ಮುಗಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಸಾಕು ಅವ್ವಾ’ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಕಂಡಕ್ಟರ್ ತಾಟಿನಿಂದ ಕಣ್ಣು ಎತ್ತಲೇ ಇಲ್ಲ.

ಒಳಗಿನಿಂದ ರೊಟ್ಟಿ ಬಡಿಯುವವಳೇ ಎದ್ದು ಬಂದಳು. ಅವಳು ಉಣ್ಣುವವರ ಎದುರಿಗೆ ಎಂದೂ ಬರುವವಳಲ್ಲ. ಎರಡನೆಯ ರೊಟ್ಟಿಯನ್ನು ನನ್ನ ಕೈಗೆ ಕೊಟ್ಟು ಹಿಂದೆ ನಿಂತಳು.

ಗಿರಣಿಯವರು ‘ಸಾಕು’ ಎಂದು ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದರು.

ನಾನು ರೊಟ್ಟಿ ಹಿಡಿದು ನಿಂತೆ. ಯಾವಾಗಲೂ ಸ್ವಲ್ಪ ಹೊತ್ತು ನಿಂತು ಮುಂದಿನವರ ಕಡೆ ಹೋಗಿಬಿಡುತ್ತೇನೆ. ಅಂದು ಹೋಗಲಿಲ್ಲ. ರೊಟ್ಟಿಯ ಬಿಸಿ ಬೆರಳಿಗೆ ಹತ್ತುತ್ತಿತ್ತು.

‘ಕೈ ತಗೀರಿ ಅಣ್ಣಾರ’ ಎಂದೆ. ‘ಹ್ವಾಟೆಲ್ ಊಟ. ಯಾರ್ಯಾರೋ ಉಂಡು ಹೊಕ್ಕಾರ.’

ಅವರು ಮೊದಲು ಎಡಗೈ ತೆಗೆದರು. ಆಮೇಲೆ ಬಲಗೈ. ನಾನು ರೊಟ್ಟಿ ಹಾಕಿದೆ.